ನೈಟ್ ಡ್ಯೂಟಿ ಮುಗಿದ ಮೇಲೆ

ನನ್ನ ಹೆಂಡತಿ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಸೇವೆಯ ಬಹುಪಾಲು ಹೆರಿಗೆ ವಾರ್ಡಿನಲ್ಲೇ ಕಳೆಯಿತು. ಅದರಲ್ಲೂ ಹೆಚ್ಚಿನದು ರಾತ್ರಿ ಪಾಳಿ. ಜೊತೆಯವರಿಗೆ ಸಣ್ಣ ಮಕ್ಕಳಿರುತ್ತಿದ್ದವು, ಕೆಲವರು ದೂರದ ಊರಿನಿಂದ ಬಸ್ಸಿಗೆ ಬರಬೇಕಿತ್ತು. ನಮ್ಮ ಮಗಳನ್ನು ನೋಡಿಕೊಳ್ಳಲು ಮನೆಯಲ್ಲಿ ನನ್ನ ತಾಯಿ ಇದ್ದಳು. ಹೀಗಾಗಿ ಯಾರಾದರೂ ಬಂದು "ಅಕ್ಕಾ, ಈ ವಾರ ನನ್ನ ಡ್ಯೂಟಿ ನೀವು ಮಾಡ್ರೆಲ್ಲ" ಎಂದರೆ ಸಾಕು, ಈಕೆ ಹೂಂ ಅಂದುಬಿಡುತ್ತಿದ್ದಳು.

ನಾನು ಕೊಪ್ಪಳದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಬೆಳಿಗ್ಗೆ ನಾನು ಸ್ಟುಡಿಯೋಗೆ ಹೊರಡುವ ಹೊತ್ತಿಗೆ ಆಕೆ ಮನೆಗೆ ಬರುತ್ತಿದ್ದಳು. ಬಾಗಿಲಲ್ಲಿ ಎದುರಾಗುತ್ತಿದ್ದೆವು. "ಹಾಲು ಕಾಸಿಟ್ಟೀನಿ" ಎಂದು ನಾನು, "ಮಧ್ಯಾಹ್ನ ಉಣ್ಣಾಕ ಬರ್ರಿ" ಎಂದು ಆಕೆ. ನಾನು ಮಧ್ಯಾಹ್ನ ಊಟಕ್ಕೆ ಬಂದರೆ ಆಕೆ ಒಳಕೋಣೆಯಲ್ಲಿ ಕಿಟಕಿಗೆ ಹಳೇ ಸೀರೆ ಕಟ್ಟಿ ಮಲಗಿರುತ್ತಿದ್ದಳು. ತಾಟಿನ ಸಪ್ಪಳವಾಗದಂತೆ ಉಂಡು ಹೋಗುತ್ತಿದ್ದೆ. ಸಂಸಾರ ಹಾಗೆಯೇ ನಡೆಯಿತು. ಕೆಟ್ಟದಾಗೇನೂ ನಡೆಯಲಿಲ್ಲ. ಮಗಳು ಓದಿದಳು, ಮದುವೆಯಾಗಿ ಕುಷ್ಟಗಿಗೆ ಹೋದಳು, ತಾಯಿ ತೀರಿಕೊಂಡಳು. ಆದರೆ ನಾವಿಬ್ಬರೂ ಒಂದೇ ಹೊತ್ತಿಗೆ ಎಚ್ಚರವಾಗಿರುವುದು, ಒಂದೇ ಹೊತ್ತಿಗೆ ಮಲಗುವುದು ಹಬ್ಬದ ರಜೆಯ ಮಾತಾಗಿತ್ತು.

ನಿವೃತ್ತಿಯ ದಿನ ಶಾಲು ಹೊದಿಸಿಕೊಂಡು, ಹಾರ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದವಳು, "ಇನ್ನ ಮಕ್ಕೊಳ್ಳೂದು ಒಂದ ಕೆಲಸ" ಎಂದಳು. ಆ ಒಂದು ಕೆಲಸವೇ ಆಕೆಯ ಕೈಯಲ್ಲಿ ಆಗಲಿಲ್ಲ. ರಾತ್ರಿ ನನ್ನ ಜೊತೆ ಮಲಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು ಕೂಡುತ್ತಿದ್ದಳು. ಆಮೇಲೆ ಅಡುಗೆಮನೆಯ ದೀಪ ಹತ್ತುತ್ತಿತ್ತು. ಬೆಳಗಿದ ಪಾತ್ರೆಗಳನ್ನೇ ಮತ್ತೆ ಬೆಳಗುವುದು, ಹಸನು ಮಾಡಿದ ಜೋಳವನ್ನೇ ಮತ್ತೆ ಮೊರದಲ್ಲಿ ಹಾಕಿ ಕೇರುವುದು. ಹಗಲು ಮಲಗೋಣವೆಂದರೆ, ಅಕ್ಕ ಈಗ ಮನೆಯಲ್ಲೇ ಇರುತ್ತಾಳೆ ಎಂದು ಓಣಿಯವರು, ಬೀಗರು, ಹಳೆಯ ಜೊತೆಗಾತಿಯರು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ಇದ್ದ ಹಗಲು ನಿದ್ದೆಯೂ ಹೋಯಿತು.

"ಕಣ್ಣರ ಮುಚ್ಚಿಕೊಂಡು ಮಕ್ಕೊ" ಎಂದರೆ,

"ಮುಚ್ಚಿಕೊಂಡ ಮಕ್ಕೊಂಡೀನ್ರಿ. ಅದು ಬರಬೇಕಲ್ಲ. ನಾ ಏನ್ ಬ್ಯಾಡ ಅಂದೀನೇನು ಅದಕ್ಕ?" ಎನ್ನುತ್ತಿದ್ದಳು.

ಡಾಕ್ಟರು ಗುಳಿಗೆ ಬರೆದುಕೊಟ್ಟರು. ಆಕೆ ಅದನ್ನು ಫ್ರಿಜ್ಜಿನ ಮೇಲಿಟ್ಟಳು. ಅಲ್ಲಿಯೇ ಉಳಿಯಿತು. ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಮಾತಾಡುವಾಗ ನಡುವೆಯೇ ನಿಂತುಬಿಡುತ್ತಿದ್ದಳು. ಮಗಳು ಫೋನಿನಲ್ಲಿ "ಅವ್ವ ಯಾಕ ಹಿಂಗಾಗ್ಯಾಳ?" ಎಂದು ನನ್ನನ್ನು ಕೇಳುತ್ತಿದ್ದಳು. ನನಗೂ ಗೊತ್ತಿರಲಿಲ್ಲ.

ಅದೇ ದಿನಗಳಲ್ಲಿ ಗಂಗಾವತಿಯ ಒಬ್ಬ ರೈಸ್‌ಮಿಲ್ ಮಾಲೀಕರು ಸ್ಟುಡಿಯೋಗೆ ಬಂದರು. ಅವರ ಮಗಳ ಮದುವೆಯ ಫೋಟೋ ತೆಗೆದವನು ನಾನೇ. ಅವರು ಹೊಸದಾಗಿ ಲಾಡ್ಜ್ ಕಟ್ಟಿಸಿದ್ದರು. ಅದರ ಪಡಸಾಲೆಯ ಗೋಡೆಗಳಿಗೆ ದೊಡ್ಡ ದೊಡ್ಡ ಫೋಟೋ ಬೇಕಿದ್ದವು.

"ಎಲ್ಲಾ ಲಾಡ್ಜಿನ್ಯಾಗೂ ಹಂಪಿ ಕಲ್ಲಿನ ರಥಾನ ಐತ್ರಿ. ನೋಡಿ ನೋಡಿ ಬ್ಯಾಸರಾಗೈತಿ" ಎಂದರು. "ನಮ್ಮ ಜಿಲ್ಲಾ ರಾತ್ರಿ ಹೊತ್ನ್ಯಾಗ ಹೆಂಗ ಕಾಣ್ತೈತಿ? ಊರು, ಫ್ಯಾಕ್ಟರಿ, ಗದ್ದಿ. ಅವನ್ನ ತಗದು ಕೊಡ್ರಿ. ಯಾರೂ ಹಾಕಿಲ್ಲ, ನಾ ಹಾಕ್ತೀನಿ."

ನಾನು ಆಗಲೇ ಮದುವೆ ಫೋಟೋಗಳಿಂದ ಸೋತುಹೋಗಿದ್ದೆ. ಮೊಣಕಾಲು ಬಗ್ಗುತ್ತಿರಲಿಲ್ಲ. ಡ್ರೋನು, ಹೊಗೆಯ ಯಂತ್ರ, ಮದುವೆಗೆ ಮೊದಲೇ ಹುಡುಗ ಹುಡುಗಿಯನ್ನು ಓಡಿಸಿ ಓಡಿಸಿ ತೆಗೆಯುವ ವಿಡಿಯೋ, ಇದನ್ನೆಲ್ಲ ನನ್ನ ತಮ್ಮ ನೋಡಿಕೊಳ್ಳುತ್ತಿದ್ದ. ನಾನು ಮಂಟಪದ ಮೂಲೆಯಲ್ಲಿ ನಿಂತು ಅಕ್ಷತೆಯ ಫೋಟೋ ತೆಗೆದು ಬರುವವನಾಗಿದ್ದೆ. ಓಡುವ ಕೆಲಸವಿಲ್ಲ, ನಿಂತು ತೆಗೆಯುವ ಕೆಲಸ ಎಂದು ಹೂಂ ಅಂದೆ.

ಮೊದಲ ಸಲ ಹೊರಟದ್ದು ಊರ ಮಗ್ಗುಲಿನ ಮಳೆಮಲ್ಲೇಶ್ವರ ಗುಡ್ಡಕ್ಕೆ. ಅಲ್ಲಿಂದ ಇಡೀ ಕೊಪ್ಪಳ ಕಾಣುತ್ತದೆ. ಊಟ ಮುಗಿಸಿ, ಕ್ಯಾಮೆರಾ ಚೀಲ, ಸ್ಟ್ಯಾಂಡು ಕಾರಿಗೆ ಹಾಕುತ್ತಿದ್ದಾಗ ಆಕೆ ಶಾಲು ಹೊದ್ದುಕೊಂಡು ಬಾಗಿಲಿಗೆ ಬಂದಳು.

"ನಾನೂ ಬರ್ತೀನಿ. ಹೆಂಗೂ ಎದ್ದ ಕೂಡೂದು, ಅಲ್ಲೇ ಕುಂತ್ರಾತು."

"ಅಲ್ಲಿ ಥಂಡಿ ಇರ್ತೈತಿ."

"ಕಾರಿನ್ಯಾಗ ಇರ್ತೀನಿ ಬಿಡ್ರಿ."

ಗುಡ್ಡದ ಬುಡದವರೆಗೆ ಕಾರು ಹೋಯಿತು. ನಾನು ಸ್ವಲ್ಪ ಮೇಲೆ ಹತ್ತಿ ಬಂಡೆಯ ಮೇಲೆ ಸ್ಟ್ಯಾಂಡ್ ಊರಿದೆ. ರಾತ್ರಿಯ ಫೋಟೋ ಎಂದರೆ ಕಾಯುವ ಕೆಲಸ. ಬೆಳಕು ಕಡಿಮೆ ಇರುವುದರಿಂದ ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಡಬೇಕು. ಆ ಹೊತ್ತಿನಲ್ಲಿ ಕ್ಯಾಮೆರಾ ಅಲುಗಬಾರದು. ಕೈಯಿಂದ ಗುಂಡಿ ಒತ್ತಿದರೂ ಅಲುಗುತ್ತದೆಂದು ಉದ್ದನೆಯ ವೈರೊಂದನ್ನು ಸಿಕ್ಕಿಸಿ ಅದರ ತುದಿಯ ಗುಂಡಿ ಒತ್ತುತ್ತೇವೆ. ರಸ್ತೆಯ ಮೇಲೆ ಹೋಗುವ ಲಾರಿ ಚಿತ್ರದಲ್ಲಿ ಬರುವುದಿಲ್ಲ, ಅದರ ದೀಪ ಮಾತ್ರ ಕೆಂಪು ಗೆರೆಯಾಗಿ ಉಳಿಯುತ್ತದೆ. ನಡೆದು ಹೋಗುವ ಮನುಷ್ಯ ಗೆರೆಯಾಗಿಯೂ ಉಳಿಯುವುದಿಲ್ಲ.

ರೈಲೊಂದು ಬರುವುದಿತ್ತು. ಅದರ ಕಿಟಕಿಗಳ ಬೆಳಕು ಊರನ್ನು ಸೀಳಿಕೊಂಡು ಹೋಗುವ ಗೆರೆ ನನಗೆ ಬೇಕಿತ್ತು. ಕಾದೆ. ರೈಲು ತಡವಾಗಿ ಬಂತು. ಒಂದು ಚಿತ್ರ ಸರಿಯಾಗಿ ಬಂದಂತೆ ಕಂಡಿತು. ಆಕೆಗೆ ತೋರಿಸೋಣವೆಂದು ಇಳಿದು ಬಂದು ನೋಡಿದರೆ, ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು, ಬಾಯಿ ಸ್ವಲ್ಪ ತೆರೆದು, ಗೊರಕೆ ಹೊಡೆಯುತ್ತ ಮಲಗಿದ್ದಳು.

ನಾನು ಬಾಗಿಲು ತೆರೆಯಲಿಲ್ಲ. ತೆರೆದರೆ ಒಳಗಿನ ದೀಪ ಹತ್ತುತ್ತದೆ. ಕಾರಿನ ಮುಂದಿನ ಕಲ್ಲಿನ ಮೇಲೆ ಕುಳಿತೆ. ಮೊಣಕಾಲು ಸೆಳೆಯುತ್ತಿತ್ತು. ಚಳಿಗೆ ಕಿವಿ ಕಲ್ಲಾದವು. ಮನೆಗೆ ಹೋಗಿ ಬೆಚ್ಚಗೆ ಬಿದ್ದುಕೊಳ್ಳಬೇಕೆಂದು ಎಷ್ಟು ಆಸೆಯಾದರೂ ಎಬ್ಬಿಸಲು ಮನಸ್ಸು ಬರಲಿಲ್ಲ. ಬೆಳಕು ಹರಿಯುವ ಮುಂಚೆ ಕೆಳಗಿನ ಓಣಿಯಲ್ಲಿ ಹಾಲಿನ ಗಾಡಿಯ ಸಪ್ಪಳವಾದಾಗ ಆಕೆಗೆ ತಾನಾಗಿಯೇ ಎಚ್ಚರವಾಯಿತು.

"ಇನ್ನೂ ಆಗಿಲ್ಲೇನ್ರಿ ನಿಮ್ಮ ಫೋಟೋ?" ಎಂದಳು.

"ಈಗ ಆತು" ಎಂದೆ.

ಎರಡನೆಯ ಸಲ ಗಿಣಿಗೇರಾ ಕಡೆಗೆ ಹೋದೆವು. ಅಲ್ಲಿ ಕಬ್ಬಿಣದ ಕಾರ್ಖಾನೆಗಳಿಂದಾಗಿ ರಾತ್ರಿಯಲ್ಲೂ ಆಕಾಶ ಕೆಂಪಾಗಿರುತ್ತದೆ. ನಕ್ಷತ್ರ ಕಾಣುವುದಿಲ್ಲ. ಹೊಗೆ ಕೆಳಗಿನ ದೀಪಗಳ ಬೆಳಕು ಹಿಡಿದುಕೊಂಡು ಕಿತ್ತಳೆ ಬಣ್ಣದ ಮೋಡವಾಗಿ ನಿಂತುಬಿಡುತ್ತದೆ. ರಸ್ತೆಯ ಬದಿಯ ಖಾಲಿ ಹೊಲದಲ್ಲಿ ಸ್ಟ್ಯಾಂಡ್ ಹಾಕಿದೆ. ಆಕೆ ಕಾರಿನಲ್ಲಿ ಕುಳಿತ ಸ್ವಲ್ಪ ಹೊತ್ತಿಗೇ ಮಲಗಿದಳು. ಲಾರಿಗಳ ಹಾರ್ನಿಗೂ ಏಳಲಿಲ್ಲ.

ಪಾಳಿ ಮುಗಿಸಿ ಸೈಕಲ್ ಮೋಟಾರಿನಲ್ಲಿ ಹೊರಟಿದ್ದ ಕೆಲಸಗಾರನೊಬ್ಬ ಗಾಡಿ ನಿಲ್ಲಿಸಿದ. ಮುಖವೆಲ್ಲ ಮಸಿ. ಹೆಲ್ಮೆಟ್ಟಿನ ಅಂಚಿನ ಗೆರೆ ಹಣೆಯ ಮೇಲೆ ಮೂಡಿತ್ತು.

"ಏನ್ ತಗ್ಯಾಕತ್ತೀರಿ ಸರ್? ಪೇಪರಿನೋರ?"

"ಅಲ್ಲಪ್ಪ. ಹಿಂಗ, ಬೆಳಕಿನ ಫೋಟೋ" ಎಂದು ಕ್ಯಾಮೆರಾದ ಹಿಂದಿನ ಪರದೆ ತೋರಿಸಿದೆ.

ಅವನು ಬಗ್ಗಿ ಬಹಳ ಹೊತ್ತು ನೋಡಿದ. "ಇದು ನಮ್ಮ ಪ್ಲಾಂಟ? ಒಳಗಿದ್ದಾಗ ಹಿಂಗ ಕಾಣಂಗಿಲ್ರಿ. ಒಳಗ ಬರೇ ಬಿಸಿ" ಎಂದ. ಆಮೇಲೆ, "ನನಗೊಂದು ಕಳಸ್ರಿ ಸರ್, ನಮ್ಮ ಹುಡುಗಿಗೆ ತೋರಸ್ತೀನಿ" ಎಂದು ನಂಬರ್ ಕೊಟ್ಟ. ಹೋಗುವಾಗ ಕಾರಿನೊಳಗೆ ಇಣುಕಿ, ಯಾರೋ ಮಲಗಿದ್ದು ಕಂಡು, ಗಾಡಿಯನ್ನು ಚಾಲೂ ಮಾಡದೆ ಸ್ವಲ್ಪ ದೂರ ತಳ್ಳಿಕೊಂಡು ಹೋಗಿ ಆಮೇಲೆ ಕಿಕ್ ಹೊಡೆದ. ಅವನಿಗೂ ನಿದ್ದೆಯ ಬೆಲೆ ಗೊತ್ತಿತ್ತು.

ಅಲ್ಲಿಂದ ಮುಂದೆ ಇದೇ ರೂಢಿಯಾಯಿತು. ನಾನು ಹೊರಗೆ ಥಂಡಿಗೆ ಕೆಮ್ಮುತ್ತ, ಆಕೆ ಕಾರಿನಲ್ಲಿ. ಮನೆಯಲ್ಲಿ ಹಾಸಿಗೆಯ ಮೇಲೆ ಬರದ ನಿದ್ದೆ ಆ ಸೊಂಟ ಹಿಡಿಯುವ ಸೀಟಿನ ಮೇಲೆ ಬರುತ್ತಿತ್ತು. ಯಾಕೆಂದು ನಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ಹೋಗಿಬಿಡುತ್ತದೋ ಎಂಬ ಅಂಜಿಕೆ.

ಯಲಬುರ್ಗಾದ ರಾತ್ರಿಯಲ್ಲಿ ಅದು ತಿಳಿಯಿತು. ಯಲಬುರ್ಗಾ ಮತ್ತು ಕುಷ್ಟಗಿಯ ನಡುವಿನ ಎರೆಹೊಲಗಳಲ್ಲಿ ಈಗ ಗಾಳಿಯಿಂದ ಕರೆಂಟು ಮಾಡುವ ದೊಡ್ಡ ಫ್ಯಾನುಗಳು ತುಂಬಿವೆ. ಹಗಲು ನೋಡಿದರೆ ಬರೀ ಬಿಳಿ ಕಂಬ. ರಾತ್ರಿ ಅವುಗಳ ನೆತ್ತಿಯ ಮೇಲಿನ ಕೆಂಪು ದೀಪಗಳೆಲ್ಲ ಒಮ್ಮೆಲೇ ಹತ್ತಿ ಒಮ್ಮೆಲೇ ಆರುತ್ತವೆ. ದಿಗಂತದ ಈ ತುದಿಯಿಂದ ಆ ತುದಿಯವರೆಗೆ ಯಾರೋ ಕಣ್ಣು ಪಿಳುಕಿಸಿದ ಹಾಗೆ. ಬಂಡಿದಾರಿಯಲ್ಲಿ ಕಾರು ನಿಲ್ಲಿಸಿ, ಕಡಲೆ ಹೊಲದ ಬದುವಿನ ಮೇಲೆ ನಿಂತು ತೆಗೆಯುತ್ತಿದ್ದೆ. ದೂರದಲ್ಲಿ ಬೋರಿನ ನೀರು ಬೀಳುವ ಸಪ್ಪಳ. ಹೊಲಕ್ಕೆ ಕೊಡುವ ಕರೆಂಟು ರಾತ್ರಿಯೇ ಬರುವುದರಿಂದ ರೈತರು ಆ ಹೊತ್ತಿಗೆ ನೀರು ಹಾಯಿಸಲು ಬಂದಿದ್ದರು.

ಇದ್ದಕ್ಕಿದ್ದಂತೆ ಮೂರ್ನಾಲ್ಕು ಬ್ಯಾಟರಿಗಳ ಬೆಳಕು ನನ್ನ ಮುಖಕ್ಕೆ ಬಿತ್ತು.

"ಯಾವನಲೇ ಅವ? ಅಲ್ಲೇ ನಿಂದ್ರು!"

ನಿಂತೆ. ಬಡಿಗೆ ಹಿಡಿದುಕೊಂಡ ನಾಲ್ವರು ಸುತ್ತುಗಟ್ಟಿದರು.

"ಫೋಟೋ ತಗ್ಯಾಕ ಬಂದೀನ್ರಿ, ಕೊಪ್ಪಳದಿಂದ."

"ಫೋಟೋ? ಈ ಕತ್ತಲ್ದಾಗ? ಏನೈತಿ ಇಲ್ಲೆ ಫೋಟೋ ತಗ್ಯಾಕ?" ಎಂದ ಅವರಲ್ಲಿ ಹಿರಿಯ. "ಹೋದ ವಾರ ಬೋರಿನ ಕೇಬಲ್ ಕೊಯ್ಕೊಂಡು ಹೋಗ್ಯಾರ. ಅವ್ರೂ ಕಾರಿನ್ಯಾಗ ಬಂದಿದ್ರು. ಚೀಲ ಬಿಚ್ಚು."

ಒಬ್ಬ ಚೀಲ ಬಿಚ್ಚಿ ಕೈ ಹಾಕಿದ. ಅವನ ಕೈಗೆ ಮೊದಲು ಸಿಕ್ಕಿದ್ದು ಗುಂಡಿ ಒತ್ತುವ ಇನ್ನೊಂದು ವೈರು. "ವೈರ್ ಐತಿ ನೋಡ್ರೋ! ವೈರ್!" ಎಂದು ಎತ್ತಿ ಹಿಡಿದ. ನಾನು ಏನು ಹೇಳಿದರೂ ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಒಬ್ಬ ನನ್ನ ಅಂಗಿಯ ಕೊರಳಪಟ್ಟಿ ಹಿಡಿದಿದ್ದ. ಇನ್ನೊಬ್ಬ ಫೋನು ತೆಗೆದು ಊರಿನವರನ್ನು ಕರೆಯುತ್ತಿದ್ದ. ನನಗೆ ಹೆದರಿಕೆಗಿಂತ ದಣಿವು ಹೆಚ್ಚಾಗಿತ್ತೆಂದು ಈಗ ನೆನಪಾಗುತ್ತದೆ. ಹೊಡೆದರೆ ಹೊಡೆಯಲಿ, ಎಲ್ಲಿಯಾದರೂ ಕೂಡಲು ಬಿಟ್ಟರೆ ಸಾಕು ಅನ್ನಿಸಿತ್ತು.

ಆಗ ಕಾರಿನ ಬಾಗಿಲು ತೆರೆಯಿತು. ಒಳಗಿನ ದೀಪ ಹತ್ತಿತು. ಶಾಲು ಸರಿಪಡಿಸಿಕೊಳ್ಳುತ್ತ, ಅರೆಗಣ್ಣಿನಲ್ಲಿ ಆಕೆ ಇಳಿದು ಬಂದಳು. ಬ್ಯಾಟರಿಗಳೆಲ್ಲ ಆಕೆಯ ಕಡೆ ತಿರುಗಿದವು. ಆಕೆ ಆ ಗಂಡಸರನ್ನು ನೋಡಿ, ತೀರ ಗಂಭೀರವಾಗಿ ಕೇಳಿದಳು:

"ಯಾಕ ಒದರಾಕತ್ತೀರಿ? ಬ್ಯಾನಿ ಸುರು ಆಗಿ ಎಷ್ಟೊತ್ತಾತು? ಆಕಿನ್ನ ಒಳಗ ಕರ್ಕೊಂಡ ಬರ್ರಿ ಮೊದ್ಲ. ಗಂಡಸರೆಲ್ಲ ಹೊರಗ ನಿಂದರ್ರಿ."

ಕೊರಳಪಟ್ಟಿ ಹಿಡಿದಿದ್ದವನ ಕೈ ಸಡಿಲಾಯಿತು. ಆಕೆಯೂ ಸುತ್ತ ನೋಡಿದಳು. ಕತ್ತಲು, ಕಡಲೆ ಹೊಲ, ಮೇಲೆ ಕೆಂಪು ದೀಪಗಳು. ತಾನು ಎಲ್ಲಿದ್ದೇನೆಂದು ಆಗ ತಿಳಿಯಿತು. ಸೆರಗು ಬಾಯಿಗೆ ಹಿಡಿದುಕೊಂಡಳು.

ಹಿರಿಯ ಬ್ಯಾಟರಿಯನ್ನು ಕೆಳಗಿಳಿಸಿ ಎರಡು ಹೆಜ್ಜೆ ಮುಂದೆ ಬಂದ. "ನೀವು ಕೊಪ್ಪಳ ದವಾಖಾನಿ ಸಿಸ್ಟರ್ ಅಲ್ಲೇನ್ರಿ?"

"ಹೌದಪ್ಪ. ಇದ್ದೆ."

"ನಮ್ಮ ಸೊಸಿ ಹೆರಿಗಿ ನೀವ ಮಾಡಿಸೀರಿ. ಕೂಸು ಅಡ್ಡಾಗಿತ್ತು. ನಾ ಹೊರಗ ಅಳಾಕತ್ತಿದ್ದೆ, ನೀವು ಬಂದು ಬೈದ್ರಿ. ನೆನಪಾತೇನ್ರಿ?"

ಆಕೆ ಅವನ ಮುಖವನ್ನೇ ನೋಡಿದಳು. "ನೆನಪಿಲ್ಲಪ್ಪ. ಭಾಳ ಮಂದಿ ಹಡದಾರ, ಭಾಳ ಮಂದಿ ಅತ್ತಾರ. ಕೂಸು ಹೆಂಗೈತಿ?"

"ಈಗ ಸಾಲಿಗೆ ಹೋಕ್ಕಾನ್ರಿ."

ಮುಂದೆ ನಡೆದದ್ದೆಲ್ಲ ಉಪಚಾರ. ಕೊರಳಪಟ್ಟಿ ಹಿಡಿದವನು ನನ್ನ ಅಂಗಿಯ ಧೂಳು ಕೊಡವಿದ. "ತಪ್ಪ ತಿಳ್ಕೋಬ್ಯಾಡ್ರಿ ಸರ್, ಕಳ್ಳರ ಕಾಟಕ್ಕ ತಲಿ ಕೆಟ್ಟೈತಿ" ಎಂದ. ಹಿರಿಯ ಹಸಿ ಕಡಲೆ ಗಿಡಗಳನ್ನು ಮಡಿಲು ತುಂಬ ಕಿತ್ತು ತಂದು ಸೀಟಿನ ಮೇಲೆ ಹಾಕಿದ. ನೀರು ಹಾಯಿಸುವುದು ಬಿಟ್ಟು ಬಂದಿದ್ದರಿಂದ ಮಡಿ ಒಡೆದು ನೀರು ಹೊರಗೆ ನುಗ್ಗಿತ್ತು. ಬೈದುಕೊಳ್ಳುತ್ತ ಓಡಿದರು.

ವಾಪಸ್ಸು ಬರುವಾಗ ಆಕೆ ಮಲಗಲಿಲ್ಲ. ಮುಂದಿನ ಸೀಟಿನಲ್ಲಿ ಕುಳಿತು ಕಡಲೆ ಸುಲಿದು ನನಗೂ ಕೊಡುತ್ತ ಇದ್ದಳು. ಕುಕನೂರು ದಾಟುವವರೆಗೆ ಇಬ್ಬರೂ ನೆನೆಸಿಕೊಂಡು ನೆನೆಸಿಕೊಂಡು ನಕ್ಕೆವು. ಆಮೇಲೆ ಆಕೆ ತಾನಾಗಿಯೇ ಹೇಳಿದಳು.

"ರಾತ್ರಿ ಅಂದ್ರ ನನಗ ಟ್ಯೂಬ್‌ಲೈಟಿನ ಬೆಳಕ ನೋಡ್ರಿ. ಕತ್ತಲಿ ಇಷ್ಟು ಇರ್ತೈತಂತ ಮರತ ಬಿಟ್ಟಿದ್ದೆ."

"ಕಾರಿನ್ಯಾಗ ಹೆಂಗ ನಿದ್ದಿ ಬರ್ತೈತಿ ನಿನಗ?" ಎಂದು ಅಂದು ಕೇಳಿಯೇಬಿಟ್ಟೆ.

"ವಾರ್ಡಿನ್ಯಾಗ ಇಬ್ರು ಇರ್ತಿದ್ವಿ. ಕೆಲಸ ಇಲ್ಲದಾಗ ಒಬ್ರು ಮಕ್ಕೊಂಡ್ರ ಒಬ್ರು ಎಚ್ಚರ ಇರಬೇಕು. ಹಂಗ ರೂಢಿ ಆಗೇತಿ. ಮನ್ಯಾಗ ನೀವು ಮಕ್ಕೊಂಡ್ರಂದ್ರ ನನ್ನ ಕಿವಿ ತೆರಕೊಂತಾವ. ಯಾರರ ಕರದ್ರ ಯಾರು ಎದ್ದೇಳೋರು ಅಂತ. ಯಾರೂ ಕರಿಯಂಗಿಲ್ಲ, ಗೊತ್ತೈತಿ. ಆದ್ರೂ. ಇಲ್ಲೆ ನೀವು ಹೊರಗ ಎಚ್ಚರ ಇರ್ತೀರಿ."

ಅಷ್ಟೂ ವರ್ಷ ಆಕೆ ಎಚ್ಚರವಿದ್ದ ರಾತ್ರಿಗಳಲ್ಲಿ ನಾನು ಮನೆಯಲ್ಲಿ ಗಡದ್ದಾಗಿ ಮಲಗಿದ್ದೆ ಎಂಬುದೊಂದೇ ನೆನಪಾಯಿತು. ರಸ್ತೆಯ ಮೇಲೆ ಕಣ್ಣಿಟ್ಟು ಓಡಿಸಿದೆ.

ಕೆಲವು ವಾರಗಳಲ್ಲಿ ಲಾಡ್ಜಿನ ಚಿತ್ರಗಳು ಸಿದ್ಧವಾದವು. ಗಂಗಾವತಿಗೆ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಹಾಸಿದೆ. ಮಾಲೀಕರು ಒಂದೊಂದನ್ನೇ ಎತ್ತಿ ನೋಡಿದರು. ಮುಖ ಅರಳಲಿಲ್ಲ.

"ಛಲೋ ಅದಾವ್ರಿ. ಆದ್ರ ಕತ್ತಲಿ ಭಾಳ ಆತು. ಪಡಸಾಲಿ ಮೊದಲ ಕತ್ತಲಿ ಐತಿ, ಇವನ್ನ ಹಾಕಿದ್ರ ಗವಿ ಆಕ್ಕೈತಿ. ಸ್ವಲ್ಪ ಬೆಳಕ ಮಾಡಿ ಕೊಡ್ರಿ. ಒಂದು ಚಂದ್ರಾಮನ್ನರ ಹಾಕ್ರಿ."

ನನ್ನ ತಮ್ಮ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಬೆಳಗಿಸಿದ. ಗಾಳಿ ಫ್ಯಾನುಗಳ ಹಿಂದೆ ತೆಂಗಿನಕಾಯಿಯಷ್ಟು ದೊಡ್ಡ ಚಂದ್ರನನ್ನು ಕೂರಿಸಿದ. ಕೊಪ್ಪಳದ ಆಕಾಶವನ್ನು ನೀಲಿ ಮಾಡಿದ. ಮಾಲೀಕರಿಗೆ ಖುಷಿಯಾಯಿತು. ಇವತ್ತಿಗೂ ಅವು ಅಲ್ಲಿವೆ. ನಾನು ಬೇಸರ ಮಾಡಿಕೊಳ್ಳಬೇಕಿತ್ತೇನೋ. ಮಾಡಿಕೊಳ್ಳುವಷ್ಟು ಶಕ್ತಿಯೂ ಇರಲಿಲ್ಲ.

ಕೆಲಸ ಮುಗಿದಿತ್ತು. ಇನ್ನು ರಾತ್ರಿ ಹೊರಡುವ ಕಾರಣವಿರಲಿಲ್ಲ. ಆದರೆ ಎರಡು ರಾತ್ರಿ ಮನೆಯಲ್ಲಿದ್ದರೆ ಆಕೆಯ ಕಣ್ಣ ಕೆಳಗೆ ಮತ್ತೆ ಕಪ್ಪು ಇಳಿಯುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆ ಸಪ್ಪಳ. ಹಾಗಾಗಿ, "ಇನ್ನೊಂದೆರಡು ಫೋಟೋ ಬೇಕಂತ" ಎಂದು ಸುಳ್ಳು ಹೇಳಿ ಕಾರು ತೆಗೆಯುತ್ತಿದ್ದೆ. ಊರ ಹೊರಗೆ ಎಲ್ಲಿಯಾದರೂ ನಿಲ್ಲಿಸಿ ಸ್ಟ್ಯಾಂಡ್ ಊರುತ್ತಿದ್ದೆ. ಕೆಲವು ಸಲ ಕ್ಯಾಮೆರಾವನ್ನು ಚೀಲದಿಂದ ತೆಗೆಯುತ್ತಲೂ ಇರಲಿಲ್ಲ. ಆಕೆ ಮಲಗುತ್ತಿದ್ದಳು. ನಾನು ಸುಮ್ಮನೆ ಕತ್ತಲನ್ನು ನೋಡುತ್ತ ಕುಳಿತಿರುತ್ತಿದ್ದೆ.

ಚಿತ್ರಕ್ಕಾಗಿ ಕಾಯುವುದಕ್ಕೂ ಸುಮ್ಮನೆ ಕಾಯುವುದಕ್ಕೂ ಬಹಳ ವ್ಯತ್ಯಾಸ. ಚಿತ್ರಕ್ಕಾಗಿ ಕಾಯುವಾಗ ಮೋಡ ಸರಿಯಲಿ, ಲಾರಿ ಬರಲಿ ಎಂದು ಮನಸ್ಸು ಏನನ್ನೋ ಹಿಡಿದುಕೊಂಡಿರುತ್ತದೆ. ಸುಮ್ಮನೆ ಕಾಯುವಾಗ ಮೈ ಮಾತ್ರ ಇರುತ್ತದೆ. ಅದರ ನೋವು, ಅದರ ಆಕಳಿಕೆ. ಹಗಲು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆಂದು ಗಿರಾಕಿಯನ್ನು ಸ್ಟೂಲಿನ ಮೇಲೆ ಕೂಡಿಸಿ, ಗದ್ದ ಸ್ವಲ್ಪ ಮೇಲೆ ಎಂದು ಹೇಳಿ, ಕ್ಯಾಮೆರಾದ ಹಿಂದೆ ನಿಂತಲ್ಲೇ ತೂಕಡಿಸಿಬಿಟ್ಟೆ. ಆತ ಗದ್ದ ಮೇಲೆತ್ತಿಕೊಂಡು ಕುಳಿತೇ ಇದ್ದ. ತಮ್ಮ ಬಂದು ಅಲುಗಿಸಿದ.

"ಅಣ್ಣಾ, ಏನ್ ನಡದೈತಿದು? ಅತ್ತಿಗಿಗೆ ನಿದ್ದಿ ಇಲ್ಲಂತ ನೀನೂ ನಿದ್ದಿ ಬಿಟ್ರ ಹೆಂಗ? ಇಬ್ರೂ ದವಾಖಾನಿ ಸೇರ್ತೀರಿ."

"ಹೋಗ್ಲಿ ಬಿಡೋ" ಎಂದೆ.

ಇದಾಗಿ ಕೆಲವು ದಿನಗಳ ಮೇಲೆ ಗಂಗಾವತಿ ಕಡೆಯ ಕಾಲುವೆಗೆ ಹೋಗಿದ್ದೆವು. ಗದ್ದೆಗಳಿಗೆ ನೀರು ಬಿಟ್ಟ ದಿನಗಳು. ನಾಟಿಯಾಗಿರಲಿಲ್ಲ. ನಿಂತ ನೀರಿನಲ್ಲಿ ದೂರದ ರೈಸ್‌ಮಿಲ್ಲುಗಳ ದೀಪಗಳು ತಲೆಕೆಳಗಾಗಿ ಕಾಣುತ್ತಿದ್ದವು. ಕಪ್ಪೆಗಳು ವಟಗುಟ್ಟುತ್ತಿದ್ದವು. ಬಹಳ ದಿನಗಳ ಮೇಲೆ ನನಗೆ ಚಿತ್ರ ತೆಗೆಯಬೇಕೆನ್ನಿಸಿತು. ಕಾಲುವೆಯ ಏರಿಯ ಮೇಲೆ ಸ್ಟ್ಯಾಂಡ್ ಊರಿ, ಕ್ಯಾಮೆರಾ ಕೂಡಿಸಿ, ವೈರಿನ ಗುಂಡಿ ಕೈಯಲ್ಲಿ ಹಿಡಿದು ಕುಳಿತೆ. ಒಂದು ಚಿತ್ರ ತೆಗೆದದ್ದು ನೆನಪಿದೆ.

ಆಮೇಲೆ ಯಾರೋ ಭುಜ ಹಿಡಿದು ಅಲುಗಿಸಿದರು. ಕಣ್ಣು ಬಿಟ್ಟರೆ ನಾನು ಏರಿಯ ಮಣ್ಣಿನ ಮೇಲೆ ಅಡ್ಡಾಗಿದ್ದೆ. ಕಾಲುಗಳು ನೀರಿನ ಕಡೆಯ ಇಳಿಜಾರಿನಲ್ಲಿದ್ದವು. ಆಕೆ ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಒಂದು ಕೈಯಿಂದ ನನ್ನ ಅಂಗಿ ಹಿಡಿದಿದ್ದಳು.

"ಕಾಲುವಿಯೊಳಗ ಬಿದ್ದಿದ್ರ?" ಎಂದಳು. ಸಿಟ್ಟಿಲ್ಲ. ಹಿಡಿದ ಅಂಗಿಯನ್ನು ಬಿಟ್ಟಿರಲಿಲ್ಲ.

"ಯಾವಾಗ ಎಚ್ಚರಾತು ನಿನಗ?"

"ಆಗ್ಲೇ ಆತು. ನೀವು ಕೆಮ್ಮೂದು ಕೇಳಿಸ್ಲಿಲ್ಲ. ಎದ್ದ ಬಂದೆ."

ನಾನು ಎದ್ದು ಕುಳಿತೆ. ತಲೆ ಸುತ್ತಿತು. ಆಕೆ ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದಳು, ರೂಢಿಯ ಪ್ರಕಾರ.

"ಯಾರಿಗೆ ಬೇಕ್ರಿ ಇನ್ನೊಂದೆರಡು ಫೋಟೋ? ಆ ಲಾಡ್ಜಿನ ಕೆಲಸ ಯಾವಾಗೋ ಮುಗದೈತಿ. ನಿಮ್ಮ ತಮ್ಮ ಹೇಳ್ಯಾನ" ಎಂದಳು. "ನನ್ನ ಸಲುವಾಗಿ ನೀವು ದಿನಾ ಡ್ಯೂಟಿ ಮಾಡಾಕತ್ತೀರಿ. ಬದಲಿ ಇಲ್ಲದ ಡ್ಯೂಟಿ ಯಾರೂ ಮಾಡಬಾರದು. ನಮ್ಮಲ್ಲಿ ಹಂಗ ಮಾಡಿದೋರು ಮೂಲಿಗೆ ಬಿದ್ದಾರ. ನಡ್ರಿ, ಒಳಗ ಮಕ್ಕೋರಿ. ನಾ ಇರ್ತೀನಿ ಇಲ್ಲೆ."

"ಕ್ಯಾಮೆರಾ ಚೀಲಕ್ಕ ಹಾಕಿ..."

"ಇರ್ಲಿ ಬಿಡ್ರಿ. ಇದನ್ನ ಒತ್ತೂದಲ್ಲ? ತೋರಸ್ರಿ."

ತೋರಿಸಿದೆ. ಒತ್ತಿ ಹಿಡಿ, ಇಷ್ಟು ಹೊತ್ತು ಬಿಡು, ಆಮೇಲೆ ಕೈ ತೆಗೆ. ಎಷ್ಟು ಹೊತ್ತೆಂದು ಹೇಳಲು ಗಡಿಯಾರ ನೋಡಹೋದರೆ, "ನಾಡಿ ಎಣಿಸಿದಂಗ ಎಣಸ್ತೀನಿ ತಗೋರಿ" ಎಂದಳು. ಶಾಲನ್ನು ನನಗೆ ಕೊಟ್ಟಳು. ಅದು ಇನ್ನೂ ಬೆಚ್ಚಗಿತ್ತು. ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು ಮಲಗಿದೆ. ಗಾಜಿನಾಚೆ ಏರಿಯ ಮೇಲೆ ಆಕೆ ಬೆನ್ನು ನೆಟ್ಟಗೆ ಮಾಡಿ ಕುಳಿತದ್ದು ಕಾಣುತ್ತಿತ್ತು. ಹೊರಗೆ ಒಬ್ಬರಿದ್ದಾರೆ ಎಂಬುದು ಎಂಥ ಸಮಾಧಾನವೆಂದು ಅಂದು ನನ್ನ ಮೈಗೆ ತಿಳಿಯಿತು. ಬಿಸಿಲು ಮುಖಕ್ಕೆ ಬೀಳುವವರೆಗೆ ಎಚ್ಚರವಾಗಲಿಲ್ಲ.

ಆಕೆ ತೆಗೆದ ಚಿತ್ರಗಳನ್ನು ಸ್ಟುಡಿಯೋದಲ್ಲಿ ತೆರೆದು ನೋಡಿದೆ. ಹೆಚ್ಚಿನವು ಅಲುಗಿದ್ದವು. ಕೆಲವು ಸೊಟ್ಟ, ನೀರೆಲ್ಲ ಒಂದು ಕಡೆಗೆ ಚೆಲ್ಲಿಹೋಗುವಂತೆ. ಆದರೆ ಒಂದರಲ್ಲಿ ಕ್ಯಾಮೆರಾವನ್ನು ಹಿಂದಕ್ಕೆ ತಿರುಗಿಸಿದ್ದಳು. ಕತ್ತಲ ರಸ್ತೆಯ ಮೇಲೆ ನಮ್ಮ ಕಾರು, ಅದರ ಗಾಜಿನಲ್ಲಿ ನಕ್ಷತ್ರಗಳು, ಒಳಗೆ ನಾನು. ನನ್ನ ಮುಖ ಅಲುಗಿಲ್ಲ. ಅಷ್ಟು ಹೊತ್ತು ಒಂದಿಷ್ಟೂ ಹೊರಳಾಡದೆ ಮಲಗಿದ್ದೆನೆಂದು ಕಾಣುತ್ತದೆ. ತಮ್ಮ ಹಿಂದಿನಿಂದ ಬಂದು ನೋಡಿ, "ಬೆಳಕ ಮಾಡ್ಲೇನು?" ಎಂದ. ಬೇಡವೆಂದೆ.

ಈಗ ಮನೆಯಲ್ಲೂ ಪಾಳಿ ಹಾಕಿಕೊಂಡಿದ್ದೇವೆ. ಮೊದಲರ್ಧ ರಾತ್ರಿ ನಾನು ಪಡಸಾಲೆಯಲ್ಲಿ ಸಣ್ಣ ದೀಪ ಹಚ್ಚಿಕೊಂಡು ಹಳೆಯ ಚಿತ್ರಗಳನ್ನು ತಿದ್ದುತ್ತ ಕೂಡುತ್ತೇನೆ. ಆಕೆ ಮಲಗುತ್ತಾಳೆ. ಆಮೇಲೆ ಆಕೆ ಎದ್ದು, ಮುಖ ತೊಳೆದು, "ಏಳ್ರಿ, ನಾ ಬಂದೆ" ಎನ್ನುತ್ತಾಳೆ. ನಾನು ಹೋಗಿ ಆಕೆಯ ಜಾಗದಲ್ಲಿ ಮಲಗುತ್ತೇನೆ. ಮಗಳು ಕುಷ್ಟಗಿಯಿಂದ ಬಂದವಳು ಇದನ್ನು ನೋಡಿ, "ಯಾವ ಕಾಯಿಲಿ ಮನುಷ್ಯಾರ ಅದಾರ ಈ ಮನ್ಯಾಗ ನೀವು ಕಾಯಾಕ?" ಎಂದು ನಕ್ಕಳು, ಆಮೇಲೆ ಸ್ವಲ್ಪ ಅತ್ತಳು. ಅವ್ವ ಮೊದಲಿಗಿಂತ ಗೆಲುವಾಗಿದ್ದಾಳೆ ಎಂದು ಮಾತ್ರ ಒಪ್ಪಿಕೊಂಡಳು. ನನ್ನ ದಣಿವೇನೂ ಹೋಗಿಲ್ಲ. ಅರ್ಧ ನಿದ್ದೆ ಅರ್ಧವೇ. ಈ ವಯಸ್ಸಿನಲ್ಲಿ ಮತ್ತೇನು ಸಿಕ್ಕೀತು.

ಹೊರಗೆ ಹೋಗುವುದನ್ನು ಪೂರ್ತಿ ಬಿಟ್ಟಿಲ್ಲ. ಮೊನ್ನೆ ಇರಕಲ್ಲಗಡಕ್ಕೆ ಹೋಗಿದ್ದೆವು. ಅಲ್ಲಿಯ ಕೋಟೆಗುಡ್ಡದ ಹಿಂದೆ ನಕ್ಷತ್ರಗಳು ಇಳಿಯುವುದನ್ನು ತೆಗೆಯಬೇಕೆಂಬುದು ಈಗ ನನ್ನದಲ್ಲ, ಆಕೆಯ ಆಸೆ. ಹೋಗುವ ಹೊತ್ತಿಗೆ ಮೋಡ ಕವಿದಿತ್ತು. "ಇವತ್ತು ಆಗಂಗಿಲ್ಲ, ಹೊಳ್ಳಿ ಹೋಗೂಣು" ಎಂದೆ.

"ಬಂದೀವಿ, ನೋಡೂಣು. ನೀವು ಮಕ್ಕೋರಿ" ಎಂದಳು.

ನಾನು ಕಾರಿನಲ್ಲಿ ಮಲಗಿದೆ. ಎಚ್ಚರವಾದಾಗ ತಗಡಿನ ಮೇಲೆ ಪಟಪಟ ಹನಿ ಬೀಳುತ್ತಿತ್ತು. ಬಾಗಿಲು ತೆರೆದು ಆಕೆ ಒಳಗೆ ಬಂದಳು. ತಲೆ, ಭುಜ ಎಲ್ಲ ತೊಯ್ದಿತ್ತು. ಸೆರಗಿನಲ್ಲಿ ಸುತ್ತಿ ಎದೆಗವುಚಿಕೊಂಡಿದ್ದ ಕ್ಯಾಮೆರಾವನ್ನು ಬಿಚ್ಚಿ ನನ್ನ ತೊಡೆಯ ಮೇಲಿಟ್ಟಳು. ಅದಕ್ಕೆ ಒಂದು ಹನಿಯೂ ತಾಕಿರಲಿಲ್ಲ.

"ಏನರ ಸಿಕ್ತೇನು?"

"ಒಂದು ನಕ್ಷತ್ರನೂ ಕಾಣ್ಲಿಲ್ರಿ" ಎಂದು ಸೆರಗು ಹಿಂಡಿಕೊಂಡಳು. "ಮತ್ತ ಬರೂಣು. ಈಗ ಎಲ್ಲೆರ ಬಿಸಿ ಚಾ ಸಿಗ್ತೈತೇನು ನೋಡ್ರಿ."